ಪೆನ್‌ಡ್ರೈವ್‌ನಲ್ಲಿ ಮೊರಾಕೊ ಇದೆ, ಯಲ್ಲಾಪುರ ಇಲ್ಲ

ಸಂಪಾದಕರೇ, ನಮಸ್ಕಾರ.

ಪ್ರವಾಸ ಅಂದ್ರೆ ಬರೀ ಹೋಟೆಲು, ಊಟ, ಫೋಟೋ ಅಷ್ಟೇನಾ ಸಾರ್, ಅಲ್ಲಿನ ಹಾಡಿನ ಬಗ್ಗೆ ನಿಮ್ಮ ಪುರವಣೀಲಿ ಯಾರೂ ಬರೆಯೋದೇ ಇಲ್ವಲ್ಲ. ನಾನು ಹೋದಲ್ಲೆಲ್ಲ ಕೇಳಿ ಇಷ್ಟ ಆಗಿದ್ದನ್ನ ಒಂದು ಪೆನ್‌ಡ್ರೈವ್‌ಗೆ ತುಂಬ್ಕೊಂಡಿದೀನಿ, ಕಾರಲ್ಲಿ ಅದೇ ಓಡ್ತಿರುತ್ತೆ. ಲಿಸ್ಬನ್ನಿನ ಫಾದೊ, 12 ತಂತಿಯ ಪೋರ್ಚುಗೀಸ್ ಗಿಟಾರ್ ಜತೆ ಹಾಡೋದು, ಆಮೇಲೆ ಆಫ್ರಿಕಾ ಪಕ್ಕದ ದ್ವೀಪದೇಶ ಕೇಪ್ ವರ್ಡೆಯ ಸೆಝಾರಿಯಾ ಎವೊರಾ, ವೇದಿಕೆ ಮೇಲೆ ಬರಿಗಾಲಲ್ಲೇ ನಿಂತು ಹಾಡ್ತಿದ್ದ ಅಮ್ಮ, 2011ರಲ್ಲಿ ತೀರಿಕೊಂಡ್ರು. ಈ ಹಾಡುಗಳನ್ನ ಕೇಳಿದ್ರೆ ನಮ್ಮನೆಯವಳು ‘ಯಾರ್ರೀ ಸತ್ತಿದ್ದು, ಹಿಂಗೆ ಅಳ್ತಾರೆ’ ಅಂತಾಳೆ.

ಆದ್ರೆ ನನ್ನ ನಿದ್ದೆ ಕೆಡಿಸಿದ್ದು ಮೊರಾಕೊದ ಮರಾಕೆಶ್ ಊರಿನ ಚೌಕದಲ್ಲಿ ಕೇಳಿದ ಗ್ನಾವಾ ಸಂಗೀತ. 3 ತಂತಿಯ ಗಿಂಬ್ರಿ, ಕೈಯಲ್ಲಿ ದೊಡ್ಡ ಕಬ್ಬಿಣದ ತಾಳ, ಸಹಾರಾ ಆಚೆಯಿಂದ ಗುಲಾಮರಾಗಿ ಬಂದವರ ವಂಶದವರು ಉಳಿಸ್ಕೊಂಡ ಸಂಗೀತ ಅದು, 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರ್ತು. ಕೇಳ್ತಾ ನಿಂತವನಿಗೆ ನಮ್ಮ ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿಗಳ ಡಮಾಮಿ ಹಾಡು-ಕುಣಿತ ನೆನಪಾಯ್ತು (ಧಾಟಿ ಬೇರೆನೇ, ಸುಳ್ಳು ಹೇಳಲ್ಲ), ಅವರ ಹಿರೀಕರೂ ಆಫ್ರಿಕಾದಿಂದಲೇ ಬಂದವರಲ್ವಾ. ಮೊರಾಕೊ ಹಾಡು ಫೋನಲ್ಲಿ ಒಂದೇ ನಿಮಿಷಕ್ಕೆ ಸಿಗುತ್ತೆ, ಡಮಾಮಿಯ ಒಂದು ಒಳ್ಳೆ ರೆಕಾರ್ಡಿಂಗ್ ಹುಡುಕಿ ನನಗಂತೂ ಸಾಕಾಯ್ತು. ಓದುಗರಲ್ಲಿ ಯಾರತ್ರನಾದ್ರೂ ಇದ್ರೆ ಪತ್ರಿಕೆಗೆ ಬರೀರಪ್ಪ, ಪೆನ್‌ಡ್ರೈವಲ್ಲಿ ಇನ್ನೂ ಜಾಗ ಇದೆ.

– ಒಬ್ಬ ಓದುಗ, ಮೈಸೂರು