ಇಸ್ತ್ರಿ ಅಣ್ಣನಿಗೆ

ಕಳೆದ ಭಾನುವಾರ ಸಂಜೆ ನಮ್ಮ ಸಂಘದ 12ನೇ ಮನೆಯವರೂ ಮೀಟರ್ ಬಡ್ಡಿಯಿಂದ ಹೊರಗೆ ಬಂದರು. ಬೆಂಗಳೂರಿನ ಬೆಳ್ಳಂದೂರಿನ ಆಚೆ ತಗಡಿನ ಶೆಡ್ಡುಗಳಲ್ಲಿ ಇರುವ, ಯಾದಗಿರಿ ಕಡೆಯಿಂದ ಬಂದ ಹೆಂಗಸರ ಉಳಿತಾಯ ಸಂಘ ಇದು; ನಾನು ಅಲ್ಲಿ ವಾಲಂಟಿಯರ್. ನೂರಕ್ಕೆ ತಿಂಗಳಿಗೆ 10 ರೂಪಾಯಿ ಬಡ್ಡಿ ಕಟ್ಟುತ್ತಿದ್ದವರು ಈಗ ತಮ್ಮದೇ ಸಂಘದಿಂದ 2 ರೂಪಾಯಿಗೆ ಸಾಲ ತಗೊಳ್ತಾರೆ. ಆ 2 ರೂಪಾಯಿಯೂ ತಿರುಗಿ ಅವರ ಪೆಟ್ಟಿಗೆಗೇ ಬೀಳುತ್ತದೆ.

ಭಾನುವಾರದ ನಿದ್ದೆ ಬಿಟ್ಟು ಬಂದ ಕಾಲೇಜು ಹುಡುಗರು, ಲೆಕ್ಕ ಬರೆಯೋದು ಕಲಿಸಿದ ರಿಟೈರ್ಡ್ ಮೇಷ್ಟ್ರು, ವಿಳಾಸದ ಪುರಾವೆ ಇಲ್ಲ ಅಂತ ಒಂದು ಬ್ಯಾಂಕು ಮೂರು ಸಲ ವಾಪಸ್ ಕಳಿಸಿದರೂ ನಾಲ್ಕನೇ ಸಲ ಜೊತೆಗೆ ಬಂದ ವಕೀಲರು, ಎಲ್ಲರಿಗೂ ಕೈಮುಗಿಯುತ್ತೇನೆ. (ಗ್ರಾಮೀಣ ಅಭಿವೃದ್ಧಿಯ ಬ್ಯಾಂಕ್ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸೋಕೆ ಶುರು ಮಾಡಿದ್ದು 1992ರಲ್ಲೇ. ಅದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಯಾದಗಿರಿಯ ರೇಷನ್ ಕಾರ್ಡ್ ಹಿಡಿದು ಬೆಂಗಳೂರಿನ ಕೌಂಟರ್ ಮುಂದೆ ನಿಂತು ನೋಡಿ, ಆಗ ಗೊತ್ತಾಗುತ್ತೆ.)

ಆದರೆ ನಾನು ಬರೆಯಲು ಕೂತಿದ್ದು ಇಸ್ತ್ರಿ ಅಣ್ಣನ ಬಗ್ಗೆ. ಹೆಸರು ಹಾಕಬೇಡಿ ಅಂದಿದ್ದಾರೆ.

2022ರ ಸೆಪ್ಟೆಂಬರ್ 4, ಅದೂ ಭಾನುವಾರವೇ. ಆ ರಾತ್ರಿ ಮಳೆಯಲ್ಲಿ ಮುಳುಗಿದ ಕಾರುಗಳನ್ನು, ಟ್ರ್ಯಾಕ್ಟರ್ ಹತ್ತಿ ವಿಲ್ಲಾ ಬಿಟ್ಟು ಹೊರಟವರನ್ನು ಆಮೇಲೆ ಟಿವಿಯಲ್ಲಿ ನೀವು ನೋಡಿದ್ದೀರಿ. ನಮ್ಮ ಶೆಡ್ಡುಗಳ ಕಡೆ ಬಂದಿದ್ದು ಅಣ್ಣನ ತಳ್ಳುಗಾಡಿ ಒಂದೇ. ಇದ್ದಿಲ ಚೀಲ ಕೆಳಗೆಸೆದು, ಇಸ್ತ್ರಿ ಹಲಗೆಯ ಮೇಲೆ ಮಕ್ಕಳನ್ನು ಕೂರಿಸಿ, ದಿಬ್ಬದ ಮೇಲಿನ ಶಾಲೆಯ ಜಗಲಿವರೆಗೆ ತಳ್ಳಿದರು. ಐದು ಸಲ ಹೋಗಿ ಬಂದರು.

ನಾನು ರಾತ್ರಿ ಒಂದಕ್ಕೆ ಮನೆಗೆ ಹೋದೆ. ಫೋನ್ ಚಾರ್ಜ್ ಮುಗಿದಿತ್ತು ಅಂತ ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ನೀರು ಮೊಣಕಾಲು ದಾಟಿತ್ತು, ಕರೆಂಟ್ ತಂತಿ ಬಿದ್ದಿದೆ ಅಂತ ಯಾರೋ ಕೂಗಿದರು, ಹೆದರಿ ತಿರುಗಿ ನಡೆದುಬಿಟ್ಟೆ. ಕೊರಳಲ್ಲಿ ವಾಲಂಟಿಯರ್ ಕಾರ್ಡ್ ನೇತಾಡುತ್ತಲೇ ಇತ್ತು.

ಬೆಳಗ್ಗೆ ಹೋದರೆ ಲೆಕ್ಕದ ಪುಸ್ತಕ ನೆಂದು ಮುದ್ದೆಯಾಗಿದೆ. ಹೆಬ್ಬೆಟ್ಟಿನ ನೀಲಿ ಎಲ್ಲ ಹರಡಿಕೊಂಡಿದೆ. "ಪುಸ್ತಕ ಹೋದ್ರ ನಮ್ ರೊಕ್ಕ ಹೋದಂಗಲ್ಲೇನ್ರೀ?" ಅಂತ ಒಬ್ಬಾಕೆ ಕೇಳಿದಳು. ನಾನು ಸುಮ್ನೆ ನಿಂತೆ. ಅಣ್ಣ ಎಲ್ಲಿಂದಲೋ ಒಣ ಇದ್ದಿಲು ತಂದರು. ಹಳೇ ಪಂಚೆ ಹಾಸಿ, ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಮೇಲೊಂದು ಬಟ್ಟೆ ಮುಚ್ಚಿ, ಇಸ್ತ್ರಿ ಪೆಟ್ಟಿಗೆ ಇಟ್ಟು ಎತ್ತಿದರು. ಉಜ್ಜಲಿಲ್ಲ. ಉಜ್ಜಿದರೆ ಶಾಯಿ ಎಳೆಯುತ್ತೆ ಅಂದರು. ಸಂಜೆವರೆಗೂ ಅದೇ ಕೆಲಸ, ಗಿರಾಕಿಗಳ ಒಂದು ಬಟ್ಟೆಯನ್ನೂ ಮುಟ್ಟಲಿಲ್ಲ. ಎರಡು ಹಾಳೆ ಮಾತ್ರ ಹೋದವು. ಅವುಗಳ ಲೆಕ್ಕವನ್ನು ಹೆಂಗಸರು ಬಾಯಲ್ಲೇ ಹೇಳಿ ಬರೆಸಿದರು, ಒಂದು ರೂಪಾಯಿಗೂ ಜಗಳ ಆಗಲಿಲ್ಲ.

ಸಂಘ ಮುಚ್ಚಿಬಿಡೋಣ ಅಂತ ಆ ಬೆಳಗ್ಗೆ ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದೆ. ಮುಂದಿನ ಭಾನುವಾರ ಕಮಟು ವಾಸನೆಯ ಅದೇ ಪುಸ್ತಕದಲ್ಲಿ ಎಲ್ಲರ ಉಳಿತಾಯದ 50 ರೂಪಾಯಿ ಬರೆದುಕೊಂಡೆ.

ಮೊನ್ನೆ ಸಭೆಯಲ್ಲಿ ಅಣ್ಣನಿಗೆ ಶಾಲು ಹೊದಿಸಿದೆವು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಅವರು ಶಾಲಿನ ಅಂಚು ಹಿಡಿದು ನೋಡಿದರು. "ಸುಕ್ಕು ಜಾಸ್ತಿ ಇದೆ ಮೇಡಂ, ಒಂದು ನಿಮಿಷ" ಅಂತ ಅದನ್ನು ತೆಗೆದುಕೊಂಡು ಸೀದಾ ಗಾಡಿ ಹತ್ತಿರ ಹೋದರು.