ದೊಂದಿಯ ಸುತ್ತ ಕಂಡ ಬಳೆ

ಎರಡೂ ಕಣ್ಣಿಗೆ ಲೇಸರ್ ಮುಗಿಯಿತು. ನಿನ್ನೆ ಡಾಕ್ಟರು ನೋಡಿ ಕಣ್ಣೊಳಗಿನ ಪ್ರೆಶರ್ 14 ಅಂದರು. ಬಸ್ಸಿನಲ್ಲಿ, ಹಾಲಿನ ಸೊಸೈಟಿಯಲ್ಲಿ "ಕಣ್ಣು ಹೇಗುಂಟು?" ಅಂತ ಕೇಳಿದವರಿಗೆಲ್ಲ ಒಟ್ಟಿಗೆ ಹೇಳ್ತಿದ್ದೇನೆ.

ಮೊದಲ ಥ್ಯಾಂಕ್ಸ್ ಅತ್ತಿಗೆಗೆ. ಅವತ್ತು ಬದಿಯಡ್ಕದ ಹತ್ತಿರ ಬಯಲಾಟ. ಕತ್ತಲಲ್ಲಿ ಕೂತು ಕೂತು ಹುಬ್ಬಿನ ಮೇಲೆ ನೋವು ಏರುತ್ತಿತ್ತು. ಮಹಿಷಾಸುರ ಬರುವಾಗ ದೊಂದಿಯ ಸುತ್ತ ಬಣ್ಣಬಣ್ಣದ ಬಳೆ ಕಂಡಿತು. ಮೇಳದವರು ಹೊಸ ಲೈಟು ತಂದಿದ್ದಾರೆ ಅಂದುಕೊಂಡೆ! ಅತ್ತಿಗೆಗೆ ತೋರಿಸಿದರೆ, "ಎಂತ ಬಳೆಯೂ ಇಲ್ಲ, ಮೊದಲು ಏಳು ನೀನು" ಅಂದರು. ಅವರ ಅಮ್ಮನಿಗೆ ಹೀಗೇ ಶುರುವಾಗಿ ಒಂದು ಕಣ್ಣು ಹೋಗಿತ್ತು. ಅದಕ್ಕೂ ಮುಂಚೆ ಒಂದು ಕಡೆ ತೋರಿಸಿದ್ದೆ, ಮೈಗ್ರೇನ್ ಅಂದಿದ್ದರು. ನಾನೂ ಕಣ್ಣಿನ ಮಾತು ಎತ್ತಿರಲಿಲ್ಲ ಬಿಡಿ.

ಪಕ್ಕದ ಮನೆಯ ಹುಡುಗ ಆಟ ಬಿಟ್ಟು ಕಾರು ತೆಗೆದ. ತಲಪಾಡಿ ದಾಟುವುದರೊಳಗೆ ಎರಡು ಸಲ ವಾಂತಿ ಮಾಡಿದೆ. ಸೀಟಿನ ಬಗ್ಗೆ ಅವನು ಇವತ್ತಿನವರೆಗೆ ಒಂದು ಮಾತು ಆಡಿಲ್ಲ.

ಮಂಗಳೂರಿನಲ್ಲಿ ನೋಡಿದರೆ ಬಲಗಣ್ಣಿನ ಪ್ರೆಶರ್ 46. ಸಾಮಾನ್ಯಕ್ಕೆ 10ರಿಂದ 21 ಇರಬೇಕಂತೆ. ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು. ಕಣ್ಣೊಳಗಿನ ನೀರು ಹೊರಗೆ ಹೋಗುವ ಮೂಲೆ ನನಗೆ ಮೊದಲೇ ಇಕ್ಕಟ್ಟು. ಕತ್ತಲಲ್ಲಿ ಪಾಪೆ ದೊಡ್ಡದಾದಾಗ ಪೂರ್ತಿ ಮುಚ್ಚಿಹೋಗಿದೆ. ತೋಟದ ಕಣಿಗೆ ಸೋಗೆ ಬಿದ್ದು ನೀರು ಕಟ್ಟುತ್ತದಲ್ವಾ, ಹಾಗೆ.

ಮಾತ್ರೆ, ಡ್ರಾಪ್ಸ್ ಕೊಟ್ಟು ಪ್ರೆಶರ್ ಇಳಿಸಿದ ಮೇಲೆ ಲೇಸರ್. ಪಾಪೆ ಚಿಕ್ಕದಾಗಲು ಹಾಕುವ ಡ್ರಾಪ್ಸಿಗೆ ಹುಬ್ಬು ಹಿಂಡಿದ ಹಾಗಾಯಿತು. ನಿಜ ಹೇಳಬೇಕಂದ್ರೆ ಲೇಸರಿಗಿಂತ ಅದೇ ಜಾಸ್ತಿ ಕಷ್ಟ. ಮಿಷನ್ನಿಗೆ ಗಲ್ಲ ಕೊಟ್ಟು ಕೂತೆ, ಕಣ್ಣಿಗೆ ಒಂದು ಲೆನ್ಸ್ ಒತ್ತಿ ಹಿಡಿದರು. ಟಕ್, ಟಕ್. ಒಳಗಿನಿಂದ ಯಾರೋ ಉಗುರಿನಲ್ಲಿ ಮೀಟಿದ ಹಾಗೆ. ಹತ್ತು ನಿಮಿಷವೂ ಇಲ್ಲ. ಮೇಲಿನ ರೆಪ್ಪೆಯ ಅಡಿಗೆ, ಕಣ್ಣಿನ ಬಣ್ಣದ ಪರದೆಯಲ್ಲಿ ಸಣ್ಣ ತೂತು, ನೀರಿಗೆ ಇನ್ನೊಂದು ದಾರಿ. ಒಂದು ವಾರ ಬಿಟ್ಟು ಎಡಗಣ್ಣಿಗೂ ಮಾಡಿದರು, ಅದಕ್ಕೆ ಹೀಗಾಗುವ ಮುಂಚೆಯೇ.

ಅಷ್ಟು ಹೊತ್ತೂ ಹಿಂದಿನಿಂದ ನನ್ನ ತಲೆ ಹಿಡಿದುಕೊಂಡಿದ್ದ ಸಿಸ್ಟರಿಗೆ ದೊಡ್ಡ ನಮಸ್ಕಾರ. ನಾನು ಕಾಸರಗೋಡಿನವಳು ಅಂದದ್ದೇ ತಡ, ಅವರು ಮಲಯಾಳದಲ್ಲಿ ಶುರುಮಾಡಿದರು. ನಾನು ಅರ್ಧ ಕನ್ನಡ, ಅರ್ಧ ತುಳುವಿನಲ್ಲಿ ಉತ್ತರ ಕೊಟ್ಟೆ. ಇಬ್ಬರಿಗೂ ಎಲ್ಲ ಅರ್ಥವಾಯಿತು.

ಬಲಗಣ್ಣಿನ ಬದಿಯಲ್ಲಿ ಸ್ವಲ್ಪ ಮಸುಕು ಉಳಿದಿದೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಪ್ರೆಶರ್ ಮಾತ್ರ ನೋಡಿಸುತ್ತಾ ಇರಿ ಅಂತ ಡಾಕ್ಟರು ನೇರವಾಗಿ ಹೇಳಿದರು. ಸುಮ್ನೆ ಆಸೆ ಹುಟ್ಟಿಸದೆ ಇದ್ದದ್ದಕ್ಕೂ ಥ್ಯಾಂಕ್ಸ್.

ಒಡಹುಟ್ಟಿದವರಿಗೂ ಇದು ಇರಬಹುದಂತೆ. ತಂಗಿ ತೋರಿಸಿಕೊಂಡಳು, ಅವಳದ್ದೂ ಇಕ್ಕಟ್ಟೇ, ಮುಂದಿನ ವಾರ ಲೇಸರ್. ಅಣ್ಣ ಮಾತ್ರ ಅಡಿಕೆ ಕೊಯ್ಲು ಮುಗಿಯಲಿ ಅನ್ನುತ್ತಿದ್ದಾನೆ. ಅತ್ತಿಗೆ, ಅವನನ್ನೂ ನೀವೇ ಎಬ್ಬಿಸಬೇಕಷ್ಟೆ.