ದೋಣಿಯಲ್ಲಿ ಕರಿಹಲಗೆ ಹಿಡಿದವರು

ಪ್ರಿಯ ಗೆಳೆಯಾ,

ಕೆನಡಾದ ಟೊರಾಂಟೊದಲ್ಲಿ ಒಂಟಾರಿಯೊ ಸರೋವರದ ದಂಡೆಯಲ್ಲಿ ಅಡ್ಡಾಡುವಾಗ ಕಂಡಿತೆಂದು ನೀನು ಕಳಿಸಿದ ಉದ್ಯಾನದ ನಾಮಫಲಕದ ಚಿತ್ರ, ‘ಇವಳ ಕತೆ ನಿನಗೆ ಗೊತ್ತೇನು?’ ಎಂಬ ಒಂದೇ ಸಾಲಿನೊಂದಿಗೆ ಬಂದಿತ್ತು. ಮ್ಯಾರಿಲಿನ್ ಬೆಲ್ ಎಂಬ ಆ ಹೆಸರಿನ ಹಿಂದೆ ಬಿದ್ದವಳಿಗೆ ಉತ್ತರ ಬರೆಯುವುದೇ ತಡವಾಯಿತು. ಕೊಪ್ಪಳ, ಗಂಗಾವತಿ, ಮುನಿರಾಬಾದಿನ ತಾಯಂದಿರೂ ಓದಲಿ ಎಂಬ ಆಸೆಯಿಂದ ನಾಲ್ಕು ಜನರ ಮುಂದೆಯೇ ಉತ್ತರಿಸುತ್ತಿದ್ದೇನೆ. ಕೊಡೆಯ ಸಂಗತಿಯನ್ನು ಮಾತ್ರ ಇಲ್ಲಿ ಎತ್ತುವುದಿಲ್ಲ, ನಿಶ್ಚಿಂತನಾಗಿರು.

ನಮ್ಮ ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದರ ಮರುವರ್ಷ, 1954ರ ಸೆಪ್ಟೆಂಬರ್ 8ರ ರಾತ್ರಿ ಹನ್ನೊಂದರ ಸುಮಾರಿಗೆ, ಹದಿನಾರು ವರ್ಷದ ಈ ಹುಡುಗಿ ಅಮೆರಿಕದ ಯಂಗ್‌ಸ್ಟೌನಿನಲ್ಲಿ ನೀರಿಗಿಳಿದಳು. ಆಚೆಯ ದಡ ನೇರ ಗೆರೆಯಲ್ಲೇ 51 ಕಿ.ಮೀ.ಗೆ ಮಿಕ್ಕ ದೂರ. ಗಾಳಿ ಮತ್ತು ಅಲೆಗಳು ದಾರಿ ತಪ್ಪಿಸಿದ್ದರಿಂದ ಈಜಿದ್ದು ಅದಕ್ಕಿಂತಲೂ ಹೆಚ್ಚು. ತುಂಬಿದಾಗ ನಮ್ಮ ಹಿನ್ನೀರು 378 ಚದರ ಕಿ.ಮೀ. ಹರಡುತ್ತದೆ, ಒಂಟಾರಿಯೊ ಅದರ ಐವತ್ತು ಪಟ್ಟು ದೊಡ್ಡದು, ಸಿಹಿನೀರಾದ್ದರಿಂದ ಸಮುದ್ರದಷ್ಟು ಮೈಯನ್ನು ಎತ್ತಿ ಹಿಡಿಯುವುದೂ ಇಲ್ಲ. ಟೊರಾಂಟೊದ ವಾರ್ಷಿಕ ವಸ್ತುಪ್ರದರ್ಶನದವರು ಈ ಸರೋವರವನ್ನು ಈಜಲೆಂದು ಹತ್ತು ಸಾವಿರ ಡಾಲರಿನ ಮಾತಾಡಿ ಕರೆಸಿದ್ದು, ಇಂಗ್ಲಿಷ್ ಕಡಲ್ಗಾಲುವೆಯನ್ನು ಎರಡೂ ಕಡೆಯಿಂದ ದಾಟಿದ್ದ ಅಮೆರಿಕದ ಫ್ಲಾರೆನ್ಸ್ ಚಾಡ್ವಿಕ್ ಅವರನ್ನು. ನಮ್ಮ ದೇಶದವರೇಕೆ ಬೇಡ ಎಂದು ಮ್ಯಾರಿಲಿನ್ ಮತ್ತು ಇನ್ನೊಬ್ಬ ಕೆನಡಾದ ಈಜುಗಾರ್ತಿ ಬಿಡಿಗಾಸಿನ ಭರವಸೆಯಿಲ್ಲದೆ ಇಳಿದಿದ್ದರು. ಅನುಭವಿಗಳಿಬ್ಬರೂ ನಡುವೆಯೇ ಹೊರಬಂದರು. ಸುಮಾರು 21 ಗಂಟೆಗಳ ನಂತರ, ಮರುದಿನ ರಾತ್ರಿ ಎಂಟು ದಾಟಿದ ಮೇಲೆ, ಶಾಲೆಯ ಹುಡುಗಿ ಟೊರಾಂಟೊದ ದಡ ಮುಟ್ಟಿದಳು. ಗಂಡಸರನ್ನೂ ಸೇರಿಸಿ, ಆ ಸರೋವರವನ್ನು ಈಜಿ ದಾಟಿದ ಮೊದಲಿಗಳು ಅವಳೇ.

ಆದರೆ ನನ್ನನ್ನು ಹಿಡಿದಿಟ್ಟದ್ದು ಅವಳ ಪಕ್ಕದಲ್ಲಿ ಸಾಗಿದ ದೋಣಿ. ಇಂಥ ಈಜಿನಲ್ಲಿ ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳುವಂತಿಲ್ಲ. ಅದು ಕೈಯಳತೆಯಲ್ಲೇ ಇದ್ದರೂ ಮುಟ್ಟಬಾರದು. ತರಬೇತುದಾರ ಗಸ್ ರೈಡರ್ ಉದ್ದನೆಯ ಕೋಲಿನ ತುದಿಯಲ್ಲಿ ಮೆಕ್ಕೆಜೋಳದ ಪಾಕವನ್ನು ನೀಡುತ್ತಿದ್ದರಂತೆ. ಒಂದು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಸುದ್ದಿ ಬರೆದು ಎತ್ತಿ ಹಿಡಿಯುತ್ತಿದ್ದರಂತೆ; ಚಾಡ್ವಿಕ್ ಹೊರಬಂದದ್ದನ್ನು ಅವಳು ಓದಿ ತಿಳಿದದ್ದು ಹಾಗೆಯೇ. ಮೈಗೆ ಕಚ್ಚಿಕೊಂಡ ಲ್ಯಾಂಪ್ರೆ ಎಂಬ ಹಾವಿನಂಥ ಜಲಚರವನ್ನು ಅವಳೇ ಮುಷ್ಟಿಯಿಂದ ಗುದ್ದಿ ಬಿಡಿಸಿಕೊಂಡಳು, ಅದು ಅವಳ ಗಟ್ಟಿತನ. ಆದರೆ ನಿದ್ದೆ, ಚಳಿ, ಸುಸ್ತುಗಳಿಂದ ಕೈ ಸೋತಾಗ ಗೆಳತಿಯೊಬ್ಬಳು ದೋಣಿಯಿಂದ ಧುಮುಕಿ ಅವಳ ಪಕ್ಕದಲ್ಲಿ ಈಜಿದಳಲ್ಲ, ಆ ಸಂಗತಿಯನ್ನು ಓದಿ ನಾನು ಬಹಳ ಹೊತ್ತು ಮುಂದಕ್ಕೆ ಓದಲಾಗಲಿಲ್ಲ. ನಮ್ಮ ದೇಶದ ಈಜುಗಾರ್ತಿ ಆರತಿ ಸಾಹಾ ಇಂಗ್ಲಿಷ್ ಕಡಲ್ಗಾಲುವೆಯ ಮೊದಲ ಯತ್ನವನ್ನು ದಡ ಹತ್ತಿರವಿರುವಾಗ ಕೈಬಿಡಬೇಕಾಗಿ ಬಂದು, 1959ರ ಸೆಪ್ಟೆಂಬರ್ 29ರಂದು ಮತ್ತೆ ಇಳಿದು ದಾಟಿ, ಅದನ್ನು ಸಾಧಿಸಿದ ಏಷ್ಯಾದ ಮೊದಲ ಮಹಿಳೆಯಾದಾಗಲೂ, ಮತ್ತೊಮ್ಮೆ ಇಳಿ ಎಂದವರು ಯಾರೋ ಇದ್ದಿರಲೇಬೇಕು.

ನಮ್ಮ ಹೊಲದ ಬಾವಿ ನೆನಪಿದೆಯಲ್ಲ. ಸೋದರಮಾವ ಒಣಗಿದ ಸೋರೆ ಬುರುಡೆಯನ್ನು ನನ್ನ ಬೆನ್ನಿಗೆ ಕಟ್ಟಿ ಇಳಿಸುತ್ತಿದ್ದರು. ಪುಂಡಿ ನಾರಿನ ಹಗ್ಗ ನೆನೆದು ಸೊಂಟದ ಸುತ್ತ ಕೆಂಪು ಗೆರೆ ಮೂಡಿಸುತ್ತಿತ್ತು. ಬುರುಡೆಯಿಲ್ಲದೆ ಈಜಲು ಕಲಿತದ್ದು ನಿನಗಿಂತ ನಾನೇ ಮೊದಲು. ನಾನು ದೊಡ್ಡವಳಾದ ವರ್ಷ ಅವ್ವ ಆ ಬುರುಡೆಯ ತಲೆ ಕೊಯ್ದು, ಹೀರೇಕಾಯಿಯ ಬೀಜ ತುಂಬಿ ಅಟ್ಟಕ್ಕೆ ಹಾಕಿದಳು. ಯಾರೂ ಬೈಯಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಆಮೇಲಿನ ಬೇಸಿಗೆಗಳಲ್ಲಿ ನಿನ್ನ ಅಂಗಿ, ಕೈಗಡಿಯಾರಗಳನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು, ನೀನು ಮುಳುಗಿ ಏಳುವುದನ್ನು ನೋಡಿ ನಗುತ್ತಿದ್ದೆನಲ್ಲ, ಆಗ ನನ್ನ ಹೊಟ್ಟೆ ಉರಿಯುತ್ತಿತ್ತು ಗೆಳೆಯಾ. ನಿನ್ನನ್ನು ನಾನು ಪ್ರೀತಿಸಿದಷ್ಟೇ ನಿನ್ನ ಒದ್ದೆ ತಲೆಯನ್ನು ದ್ವೇಷಿಸಿದ್ದೇನೆ.

ಈಗ ನನ್ನ ಮಗಳು ಈಜುಕೊಳದಲ್ಲಿ ಕಲಿಯುತ್ತಿದ್ದಾಳೆ, ಮುಂದೊಂದು ದಿನ ಹಿನ್ನೀರನ್ನು ದಾಟುತ್ತೇನೆ ಎನ್ನುತ್ತಾಳೆ. ನನ್ನ ಬಾಯಿಂದ ಬರುವುದು ‘ಜೋಪಾನ’ ಎಂಬ ಒಂದೇ ಮಾತು. ಆಳದಲ್ಲಿ ಹಾಸಿದ ಮೀನಿನ ಬಲೆಗಳು, ಮುಳುಗಿದ ಮರದ ಬೊಡ್ಡೆಗಳು, ಗಾಳಿ ತಿರುಗಿದರೆ ಏಳುವ ಅಲೆಗಳು, ಇವೆಲ್ಲ ಹೆದರಬೇಕಾದ ಸಂಗತಿಗಳೇ; ಅನುಮತಿ, ದೋಣಿ, ನೀರು ಬಲ್ಲ ಮೀನುಗಾರ ಇಲ್ಲದೆ ಯಾರೂ ಅಲ್ಲಿಗೆ ಇಳಿಯಲೇಬಾರದು. ಆದರೆ ಬೀಗರು ಏನೆಂದಾರು, ಒದ್ದೆ ಬಟ್ಟೆಯಲ್ಲಿ ದಡಕ್ಕೆ ಬರುವ ಹುಡುಗಿಯನ್ನು ಊರು ಹೇಗೆ ನೋಡೀತು ಎಂಬ ಅಂಜಿಕೆಯೂ ಅದೇ ‘ಜೋಪಾನ’ದೊಳಗೆ ಅಡಗಿರುತ್ತದೆ. ಯಾವುದು ನೀರಿನ ಭಯ, ಯಾವುದು ಜನರ ಭಯ ಎಂದು ಮಗಳಿಗೆ ಹೇಗೆ ತಿಳಿಯಬೇಕು? ಒಮ್ಮೊಮ್ಮೆ ನನಗೇ ತಿಳಿಯುವುದಿಲ್ಲ. ಕರಿಹಲಗೆ ನನ್ನ ಕೈಗೆ ಬಂದರೆ ನಾನು ಏನು ಬರೆದೇನು ಎಂಬ ಚಿಂತೆ ಈ ವಾರವೆಲ್ಲ ನನ್ನನ್ನು ಬಿಟ್ಟಿಲ್ಲ.

ಇಷ್ಟನ್ನು ಬರೆಯುವ ಉದ್ದೇಶವಿರಲಿಲ್ಲ, ಇನ್ನು ಅಳಿಸುವುದೂ ಇಲ್ಲ. ನಿನಗೆರಡು ಕೆಲಸ ಹೇಳುತ್ತೇನೆ. ಆ ಉದ್ಯಾನದ ಬಳಿ ಸರೋವರಕ್ಕೆ ಮೊಣಕೈವರೆಗೆ ಕೈ ಅದ್ದಿ, ಎಷ್ಟು ಹೊತ್ತು ತಾಳಿದೆ ಎಂದು ಸುಳ್ಳಿಲ್ಲದೆ ಬರೆ, ಮಗಳು ಕೇಳುತ್ತಿದ್ದಾಳೆ. ಊರಿಗೆ ಬಂದಾಗ ಆನೆಗೊಂದಿಯಲ್ಲಿ ಹರಿಗೋಲಿಗೆ ಹುಟ್ಟು ಹಾಕುವುದನ್ನು ಸರಿಯಾಗಿ ಕಲಿ, ಏಕೆಂದರೆ ಹೋದ ಸಲ ಅದು ನಿನ್ನ ಕೈಯಲ್ಲಿ ನಿಂತಲ್ಲೇ ಗಿರಗಿರ ತಿರುಗಿದ್ದನ್ನು ದಡದ ಮೇಲಿದ್ದ ಎಮ್ಮೆಗಳೂ ನೋಡಿವೆ. ಮಂಡಾಳು ಒಗ್ಗರಣೆ, ಮಿರ್ಚಿ ನನ್ನ ಲೆಕ್ಕ. ಕೊಡೆ ತರುವುದು ಬೇಡ.

ನಿನ್ನ ಗೆಳತಿ,
ಮುನಿರಾಬಾದಿನಿಂದ